ಹಿನ್ನೀರಿನಾಚೆಯ ಹಿಂಡಿಗೆ ಏನೆಂದು ಹೆಸರಿಡುವುದು?

ಪ್ರಶ್ನೆ: ನಮ್ಮದು ಮಲೆನಾಡಿನ ಹಿನ್ನೀರಿನಂಚಿನ ಊರು. ಹದಿನೈದು ಹದಿನಾರು ವರ್ಷದ ಹಿಂದೆ ಆಚೆ ದಡದ ನಾಲ್ಕೈದು ಮನೆಯವರು ಜಮೀನು ಬಿಟ್ಟು ಪೇಟೆ ಸೇರಿದರು. ಕೊಟ್ಟಿಗೆಯ ದನಗಳಲ್ಲಿ ಕೆಲವನ್ನು ಮಾರಿದರು, ಉಳಿದವನ್ನು ಹಾಗೇ ಬಿಟ್ಟರು. ಈಗ ಅಲ್ಲಿ ಮೂವತ್ತು ಮೂವತ್ತೈದು ದನಗಳ ಹಿಂಡಾಗಿದೆ. ಮನುಷ್ಯರ ಸುಳಿವು ಸಿಕ್ಕರೆ ಸಾಕು, ಕಾಡಿಗೆ ಓಡುತ್ತವೆ. ಎಲ್ಲವೂ ಗಿಡ್ಡ ಮೈಕಟ್ಟು, ಕಪ್ಪು ಇಲ್ಲವೇ ಕಂದು. ದೊಡ್ಡ ಹೋರಿಗಳು ಎರಡಿವೆ. ಅದರಲ್ಲೊಂದರ ಕಾಲು ಮೊಣಕಾಲಿನಿಂದ ಕೆಳಗೆ ಬಿಳಿ, ಹಾಗಾಗಿ ಕಾಟಿ (ಕಾಡುಕೋಣ) ಬೆರಕೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ಯುವಕ ಸಂಘದವರಿಗೆ ಊರಿನ ಹೆಸರಲ್ಲಿ ಹೊಸ ತಳಿ ಎಂದು ನೋಂದಾಯಿಸುವ ಉತ್ಸಾಹ. ಅರಣ್ಯ ಸಿಬ್ಬಂದಿ ಇವು ಬಿಡಾಡಿ ದನ, ಗೋಶಾಲೆಗೆ ಸಾಗಿಸಿ ಎನ್ನುತ್ತಾರೆ. ಪಶು ಆಸ್ಪತ್ರೆಯವರ ಪ್ರಕಾರ ಇವು ಮಲೆನಾಡು ಗಿಡ್ಡ, ಅಷ್ಟೇ. ಯಾರ ಮಾತು ಸರಿ? ಇವಕ್ಕೆ ವೈಜ್ಞಾನಿಕ ಹೆಸರು ಬೇರೆ ಇರುತ್ತದೆಯೇ? ನಾವು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಹಿಂಡಿಗೆ ನಾಲ್ಕು ಹೆಸರು ಬಂದಿವೆ. ನಿಮಗಿರುವ ಭಯ, ನಾನು ಓದಿಕೊಂಡಂತೆ, ಹೆಸರಿನದ್ದಲ್ಲ, ಅದರ ಬೆನ್ನಿಗೆ ಬರುವುದರದ್ದು. ಬಿಡಾಡಿ ಎಂದು ಬರೆದರೆ ಲಾರಿ ಬರುತ್ತದೆ. ಹೊಸ ತಳಿ ಎಂದರೆ ಕ್ಯಾಮೆರಾ ಬರುತ್ತದೆ, ಅದರ ಹಿಂದೆ ಕೊಳ್ಳುವವರೂ ಬರುತ್ತಾರೆ. ಕಾಟಿ ಬೆರಕೆ ಎಂದರೆ ವನ್ಯಜೀವಿ ಕಾನೂನಿನ ತಕರಾರು ಶುರುವಾಗುತ್ತದೆ. ನಾಲ್ಕರಲ್ಲಿ ಪಶು ಆಸ್ಪತ್ರೆಯವರ ಮಾತು ನಿಜಕ್ಕೆ ಹತ್ತಿರ ಇರಬಹುದು, ಆದರೂ ಸದ್ಯಕ್ಕೆ ಯಾವುದನ್ನೂ ಕಾಗದದ ಮೇಲೆ ಬರೆದುಕೊಡಬೇಡಿ. ಗೊತ್ತಿರುವುದಷ್ಟನ್ನೇ ಹೇಳುವ ಹೆಸರಿಡಿ: ಯಾವ ಜಾಗದ್ದು, ಯಾವ ಸ್ಥಿತಿಯಲ್ಲಿದೆ. ಯಾವ ಕುಲದ್ದು ಎಂಬುದು ಆಮೇಲಿನ ಮಾತು.

ಮೊದಲು ಕಾಟಿಯ ಕತೆ ಮುಗಿಸೋಣ. ತಳಿ ಸಮೀಕ್ಷೆಗೆ ಹೋದ ಕಡೆಯೆಲ್ಲ ಪಶುವೈದ್ಯನಾಗಿ ನನಗೆ ಎದುರಾಗುವ ಮೊದಲ ಮಾತೇ ಇದು. ಮಲೆನಾಡು ಗಿಡ್ಡ ಹಸುವಿನ ಎತ್ತರ ಸುಮಾರು 90 ಸೆಂಟಿಮೀಟರ್, ತೂಕ ನೂರು ಕಿಲೋ ಆಸುಪಾಸು. ಬಲಿತ ಗಂಡು ಕಾಟಿ ಭುಜದ ಹತ್ತಿರ 170 ಸೆಂಟಿಮೀಟರ್ ದಾಟುತ್ತದೆ, ತೂಕ 700 ಕಿಲೋಗಿಂತ ಹೆಚ್ಚು. ಕೂಡುವುದೇ ಕಷ್ಟ. ಕೂಡಿ ಗಬ್ಬ ನಿಂತರೂ ಅಷ್ಟು ಸಣ್ಣ ಹಸು ಆ ಕರುವನ್ನು ಈಯುವುದು ಇನ್ನೂ ಕಷ್ಟ. ಅಸಾಧ್ಯ ಎನ್ನುವುದಿಲ್ಲ. ಕಾಟಿಯ ಸಾಕು ಸಂಬಂಧಿ ಮಿಥುನ್ ಹೋರಿಯನ್ನು ಭೂತಾನಿನಲ್ಲಿ ಊರ ಹಸುವಿಗೆ ಬೇಕೆಂದೇ ಕೂಡಿಸುತ್ತಾರೆ. ಹುಟ್ಟಿದ ಹೆಣ್ಣು ಜತ್ಶಮ್, ಒಳ್ಳೆಯ ಹಾಲಿನ ಹಸು. ಗಂಡು ಜತ್ಶ, ಉಳುಮೆಗೆ ಗಟ್ಟಿ, ಆದರೆ ಬರಡು. ವರ್ಣತಂತುಗಳ ಲೆಕ್ಕವೂ ಹೊಂದುವುದಿಲ್ಲ: ದನಕ್ಕೆ 60, ನಮ್ಮ ಕಾಟಿಗೂ ಮಿಥುನ್‌ಗೂ 58, ಬೆರಕೆಗೆ 59. ನಿಮ್ಮ ಬಿಳಿಗಾಲಿನ ಹೋರಿ ಕರು ಹುಟ್ಟಿಸುತ್ತಿದೆ ಎಂದಾದರೆ ಅದು ಕಾಟಿಗೆ ನೇರವಾಗಿ ಹುಟ್ಟಿದ ಮಗನಾಗಿರುವ ಸಂಭವ ಇಲ್ಲವೆಂದೇ ಹೇಳಬೇಕು.

ಹಾಗಾದರೆ ಕಾಲು ಬಿಳಿ ಯಾಕೆ? ದುರ್ಬೀನು ಹಿಡಿದು ಇನ್ನೂ ಮೂರು ಕಡೆ ನೋಡಿ: ಬಾಲದ ಕುಚ್ಚು, ಹೊಟ್ಟೆಯಡಿ, ಹಣೆ. ಕುಚ್ಚು ಬಿಳಿ, ಹೊಟ್ಟೆಯಡಿ ಬಿಳಿ ಪಟ್ಟೆ, ಹಣೆಯಲ್ಲಿ ಬೊಟ್ಟು ಇದ್ದರೆ ಅದು ಕಾಟಿಯ ಗುರುತಲ್ಲ, ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್ ಎಂಬ ವಿದೇಶಿ ಹಾಲಿನ ತಳಿ) ರಕ್ತದ ಗುರುತು. ಹಳೆಯ ಮನೆಗಳಲ್ಲಿ ಯಾರಾದರೂ ಕೃತಕ ಗರ್ಭಧಾರಣೆ ಮಾಡಿಸಿದ್ದರೇ ಎಂದು ಪೇಟೆ ಸೇರಿದ ಆ ಮನೆಯವರನ್ನೇ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಅಲ್ಲೇ ಸಿಗುತ್ತದೆ. ಬೆನ್ನನ್ನೂ ನೋಡಿ. ಕಾಟಿಯ ಬೆನ್ನಿನ ಏಣು ಭುಜದಿಂದ ಹೊರಟು ನಡುಬೆನ್ನಿನವರೆಗೆ ಬಂದು ಅಲ್ಲಿ ತಟ್ಟನೆ ಇಳಿಯುತ್ತದೆ. ನಮ್ಮ ದನದ ಹಿಣಿಲು ಭುಜದ ಮೇಲಷ್ಟೇ ಕೂತಿರುವ ಮಾಂಸದ ಗುಡ್ಡೆ. ಒಮ್ಮೆ ನೋಡಿದರೆ ಮತ್ತೆ ಗೊಂದಲವಾಗುವುದಿಲ್ಲ.

ಇನ್ನು ವೈಜ್ಞಾನಿಕ ಹೆಸರು. ಕಾಡು ಸೇರಿದ ಮಾತ್ರಕ್ಕೆ ಅದು ಬದಲಾಗುವುದಿಲ್ಲ. ಹಿಣಿಲಿರುವ ನಮ್ಮ ದನ ಬಾಸ್ ಇಂಡಿಕಸ್, ಹಿಣಿಲಿಲ್ಲದ ಯುರೋಪಿನ ದನ ಬಾಸ್ ಟಾರಸ್. ಎರಡೂ ಲಿನ್ನೇಯಸ್ 1758ರಲ್ಲಿ ಇಟ್ಟ ಹೆಸರುಗಳು. ಇವುಗಳ ಕಾಡು ಪೂರ್ವಜ ಆರಾಕ್ಸ್, ಅಂದರೆ ಬಾಸ್ ಪ್ರಿಮಿಜೀನಿಯಸ್. ಅದರ ಕೊನೆಯ ಹಸು ಪೋಲೆಂಡಿನ ಯಾಕ್ಟೊರೂವ್ ಕಾಡಿನಲ್ಲಿ 1627ರಲ್ಲಿ ಸತ್ತಿತು. ಅಲ್ಲಿಂದೀಚೆಗೆ ಜಗತ್ತಿನಲ್ಲಿ ಎಲ್ಲೇ ಒಡೆಯನಿಲ್ಲದ ದನದ ಹಿಂಡು ಕಂಡರೂ ಅದು ಸಾಕಿದ ದನದ ಸಂತತಿ. ಕಾಡು ಪ್ರಾಣಿಗೂ ಅದರ ಸಾಕಿದ ರೂಪಕ್ಕೂ ಬೇರೆ ಬೇರೆ ಹೆಸರಿದ್ದಾಗ ಏನು ಮಾಡಬೇಕೆಂದು ಪ್ರಾಣಿ ನಾಮಕರಣದ ಅಂತರರಾಷ್ಟ್ರೀಯ ಆಯೋಗದ ಮುಂದೆ ದೊಡ್ಡ ವ್ಯಾಜ್ಯವೇ ನಡೆದಿತ್ತು. ಮಿಥುನ್‌ಗೆ ಬಾಸ್ ಫ್ರಾಂಟಾಲಿಸ್ ಎಂದು 1804ರಲ್ಲೇ ಹೆಸರು ಬಿದ್ದಿತ್ತು, ಕಾಟಿಗೆ ಬಾಸ್ ಗಾರಸ್ ಎಂದು ಬಿದ್ದದ್ದು 1827ರಲ್ಲಿ. ಮೊದಲು ಇಟ್ಟ ಹೆಸರೇ ನಿಲ್ಲಬೇಕೆಂಬ ನಿಯಮ ಹಿಡಿದಿದ್ದರೆ ನಮ್ಮ ಬಂಡೀಪುರದ ಕಾಟಿ ಕೂಡ ಮಿಥುನ್ ಹೆಸರಲ್ಲಿ ಓಡಾಡಬೇಕಿತ್ತು! 2003ರ ತೀರ್ಮಾನ ಇಂಥ 17 ಕಾಡು ಪ್ರಾಣಿಗಳ ಹೆಸರನ್ನು ಉಳಿಸಿಕೊಟ್ಟಿತು. ಅದಾದ ಮೇಲೆ ಬಹುಪಾಲು ವಿಜ್ಞಾನಿಗಳ ರೂಢಿ ಇದು: ಕಾಡಿನದಕ್ಕೆ ಕಾಡಿನ ಹೆಸರು, ಸಾಕಿದ್ದಕ್ಕೂ ಅದರಿಂದ ಕಾಡುಬಿದ್ದದ್ದಕ್ಕೂ ಸಾಕುಪ್ರಾಣಿಯ ಹೆಸರು. ನಿಮ್ಮ ಹಿಂಡು ಬಾಸ್ ಇಂಡಿಕಸ್. ಎಚ್‌ಎಫ್ ಇಲ್ಲವೇ ಜೆರ್ಸಿ ರಕ್ತ ಇದ್ದರೆ ಇಂಡಿಕಸ್, ಟಾರಸ್ ಬೆರಕೆ. ಹೊಸ ಲ್ಯಾಟಿನ್ ಹೆಸರಿಗೆ ಇಲ್ಲಿ ಜಾಗವಿಲ್ಲ.

ಜಾತಿಯ ಹೆಸರು ಹೀಗೆ ಸುಲಭವಾಗಿ ಮುಗಿಯಿತು. ಸ್ಥಿತಿಯ ಹೆಸರು ಅಷ್ಟು ಸುಲಭವಲ್ಲ. ಪೇಟೆಯ ಸರ್ಕಲ್ಲಿನಲ್ಲಿ ಮಲಗುವ ಬಿಡಾಡಿ ದನಕ್ಕೆ ಒಡೆಯ ಇರಲಿ ಇಲ್ಲದಿರಲಿ, ಹೊಟ್ಟೆಗೆ ಮನುಷ್ಯನ ತಿಪ್ಪೆಯೇ ಆಧಾರ. ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ಕೊಟ್ಟಿಗೆಗೆ ಬರುವ ಗಿಡ್ಡ ಇಡೀ ದಿನ ಮನುಷ್ಯನ ಮುಖ ನೋಡದಿದ್ದರೂ ಮನೆ ದನವೇ. ಬೆದರು ಸ್ವಭಾವದಿಂದ ಏನೂ ತೀರ್ಮಾನವಾಗುವುದಿಲ್ಲ. ಮೈಸೂರು ಅರಸರ ಕಾಲದಿಂದ ಕಾವಲುಗಳಲ್ಲಿ ಬೆಳೆದ ಅಮೃತಮಹಲ್ ರಾಸುಗಳು ಹೊಸಬರನ್ನು ಹತ್ತಿರ ಬಿಟ್ಟುಕೊಳ್ಳದಿರುವುದಕ್ಕೇ ಹೆಸರಾದವು, ಆದರೆ ಅವಕ್ಕಿಂತ ಮುತುವರ್ಜಿಯಿಂದ ಲೆಕ್ಕವಿಟ್ಟು ಸಾಕಿದ ದನ ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಫೆರಲ್, ಅಂದರೆ ಕಾಡುಬಿದ್ದ ದನ ಎನ್ನಬೇಕಾದರೆ ಎರಡು ಸಂಗತಿ ಖಚಿತವಾಗಬೇಕು. ಯಾವ ಹೋರಿ ಯಾವ ಹಸುವನ್ನು ಕೂಡಬೇಕೆಂದು ಮನುಷ್ಯ ಆರಿಸುವುದು ನಿಂತಿರಬೇಕು. ಈಗ ಈಯುತ್ತಿರುವ ಹಸುಗಳೇ ಕಾಡಿನಲ್ಲಿ ಹುಟ್ಟಿದವಾಗಿರಬೇಕು.

ಇದನ್ನು ದೂರದಿಂದಲೇ ಕಂಡುಕೊಳ್ಳಬಹುದು. ಕಿವಿಯಲ್ಲಿ ಹನ್ನೆರಡು ಅಂಕಿಯ ಹಳದಿ ಓಲೆ ಇದ್ದರೆ ಅದು ಈಚೆಗೆ ಯಾರೋ ಬಿಟ್ಟುಹೋದ ದನ. ಓಲೆ ಹರಿದು ಬಿದ್ದಿದ್ದರೂ ಕಿವಿಯಲ್ಲಿ ಸೀಳು ಉಳಿದಿರುತ್ತದೆ. ಮೂಗುದಾರದ ತೂತು, ಬರೆ ಹಾಕಿದ ಗುರುತು, ಹೆರೆದ ಕೊಂಬು ಇವೆಯೇ ನೋಡಿ. ಬೀಜ ಒಡೆಸಿದ ಎತ್ತು ಹಿಂಡಿನಲ್ಲಿ ಇದೆಯೇ? ಹದಿನೈದು ವರ್ಷದ ಹಿಂದಿನ ಎತ್ತು ಇಂದು ಇರಲಾರದು, ಹಾಗಾಗಿ ಒಂದೇ ಒಂದು ಎತ್ತು ಕಂಡರೂ ಹಿಂಡಿಗೆ ಹೊರಗಿನಿಂದ ದನ ಸೇರುತ್ತಿದೆ ಎಂದೇ ಅರ್ಥ. ಇದು ಮುಖ್ಯ. ಊರವರು ಹಾಲು ಬತ್ತಿದ ಹಸು, ಗಂಡು ಕರು ತಂದು ಅಲ್ಲಿ ಬಿಡುತ್ತಿದ್ದರೆ ಅದು ಕಾಡುಬಿದ್ದ ಹಿಂಡಲ್ಲ, ಬಿಡಾಡಿ ದನ ಸೇರುವ ಜಾಗ. ಆಗ ಅರಣ್ಯ ಸಿಬ್ಬಂದಿಯ ಮಾತೇ ಸರಿಯಾಗುತ್ತದೆ.

ಈಗ ನಿಮ್ಮ ಯುವಕ ಸಂಘದ ಆಸೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ ಆಗಬಾರದೆಂದು ಎರಡು ದೂರದ ಹಿಂಡುಗಳ ಕತೆ ಹೇಳುತ್ತೇನೆ.

ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಆಮ್‌ಸ್ಟರ್‌ಡ್ಯಾಮ್ ಎಂಬ ಫ್ರೆಂಚ್ ದ್ವೀಪವಿದೆ, ಬರೀ 55 ಚದರ ಕಿಲೋಮೀಟರ್. 1871ರಲ್ಲಿ ರೀಯೂನಿಯನ್ ದ್ವೀಪದಿಂದ ಬಂದ ಒಬ್ಬ ರೈತ ಅಲ್ಲಿ ನೆಲೆಯೂರಲು ಹೋಗಿ, ಸೋತು, ಐದು ದನ ಬಿಟ್ಟು ವಾಪಸಾದ. 1988ರ ಹೊತ್ತಿಗೆ ಅವು ಸುಮಾರು 2000 ಆಗಿದ್ದವು. ಮೈ ಸಣ್ಣದು. ದ್ವೀಪ ಸೇರಿದ ದೊಡ್ಡ ಪ್ರಾಣಿ ಕುಗ್ಗುತ್ತದೆ ಎಂಬ ಸಿದ್ಧಾಂತಕ್ಕೆ ಇದು ನೂರು ಚಿಲ್ಲರೆ ವರ್ಷದಲ್ಲೇ ಸಿಕ್ಕ ಪುರಾವೆ ಎಂದು 2017ರಲ್ಲಿ ಒಂದು ಅಧ್ಯಯನ ಬಂತು. ಆಮೇಲೆ, ಹಿಂಡು ನಾಶವಾಗುವ ಮುನ್ನ ತೆಗೆದಿಟ್ಟಿದ್ದ ಮಾದರಿಗಳ ಡಿಎನ್‌ಎ ಓದಿದಾಗ ಚಿತ್ರ ಬದಲಾಯಿತು. ಮುಕ್ಕಾಲು ಪಾಲು ಜೆರ್ಸಿಗೆ ಹತ್ತಿರದ ಯುರೋಪಿನ ದನ, ಕಾಲು ಪಾಲು ಹಿಂದೂ ಮಹಾಸಾಗರದ ಹಿಣಿಲಿನ ದನ. ಅಂದರೆ ಬಂದ ದನಗಳೇ ಸಣ್ಣವು, ಕುಗ್ಗಲು ಅಷ್ಟೇನೂ ಇರಲಿಲ್ಲ. ನಿಮ್ಮ ಹಿಂಡಿನ ಗಿಡ್ಡ ಮೈಕಟ್ಟಿಗೂ ಇದೇ ಮಾತು. ಬಿಟ್ಟುಹೋದದ್ದೇ ಗಿಡ್ಡ ದನಗಳಾದರೆ ಹುಟ್ಟುವುದೂ ಗಿಡ್ಡವೇ. ಕಾಡು ಅವನ್ನು ಕುಗ್ಗಿಸಿತು ಎನ್ನಲು ಹದಿನೈದು ವರ್ಷ ಏತಕ್ಕೂ ಸಾಲದು, ದನದ ಲೆಕ್ಕದಲ್ಲಿ ಅದು ಮೂರು ತಲೆಮಾರು.

ಎರಡನೆಯದು ಇಂಗ್ಲೆಂಡಿನ ನಾರ್ತಂಬರ್ಲೆಂಡಿನ ಚಿಲ್ಲಿಂಗ್‌ಹ್ಯಾಮ್ ಹಿಂಡು. ಬಿಳಿ ಮೈ, ಕೆಂಪು ಕಿವಿ, ಶತಮಾನಗಳಿಂದ ಒಂದೇ ಆವರಣ. ಹಾಲು ಕರೆಯುವವರಿಲ್ಲ, ಹೋರಿ ಆರಿಸುವವರಿಲ್ಲ. ಆರಾಕ್ಸ್‌ನ ನೇರ ಸಂತತಿ ಎಂದು ಬಹುಕಾಲ ನಂಬಿದ್ದರು. ತಾಯಿ ಕಡೆಯ ಡಿಎನ್‌ಎ ನೋಡಿದರೆ ಅದು ಯುರೋಪಿನ ಸಾಕುದನದ ಗುಂಪಿನದ್ದೇ. ಇಷ್ಟಾದರೂ ಇವತ್ತಿಗೂ ಅದರ ಹೆಸರು ಚಿಲ್ಲಿಂಗ್‌ಹ್ಯಾಮ್ ಕಾಡುದನ. ಒಮ್ಮೆ ಅಂಟಿದ ಹೆಸರು ಹೋಗುವುದಿಲ್ಲ, ನೋಡಿ. 1947ರ ಭೀಕರ ಚಳಿಗಾಲದಲ್ಲಿ ಆ ಹಿಂಡಿನಲ್ಲಿ ಉಳಿದದ್ದು 8 ಹಸು, 5 ಹೋರಿ. ಅಲ್ಲಿಂದ ಮತ್ತೆ ನೂರು ದಾಟಿದವು. 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪರೀಕ್ಷಿಸಿದ 25 ಡಿಎನ್‌ಎ ಗುರುತುಗಳ ಪೈಕಿ 24ರಲ್ಲಿ ದನಗಳೆಲ್ಲ ಪಡಿಯಚ್ಚು. ಇಷ್ಟು ಒಳಸಂಬಂಧ ಆದರೂ ಹಿಂಡು ಬದುಕಿದೆಯಲ್ಲ ಎಂದು ಉತ್ಸಾಹಿಗಳು ಇದನ್ನು ಉದಾಹರಣೆ ಕೊಡುವುದುಂಟು. ಬದುಕಿದ ಒಂದು ಹಿಂಡು ನಮಗೆ ಕಾಣುತ್ತದೆ, ಹೀಗೇ ನಶಿಸಿದ ಹಿಂಡುಗಳು ಲೆಕ್ಕಕ್ಕೇ ಸಿಗುವುದಿಲ್ಲ.

ನಿಮ್ಮ ಲೆಕ್ಕ ಹಾಕೋಣ. ಕರು, ಮಣಕ ಬಿಟ್ಟು ಗಬ್ಬ ಕಟ್ಟುವ ಹಸು ಹನ್ನೆರಡು ಎಂದಿಟ್ಟುಕೊಳ್ಳಿ, ಹೋರಿ ಎರಡು. ತಳಿಶಾಸ್ತ್ರದಲ್ಲಿ ಹಿಂಡಿನ ಪರಿಣಾಮಕಾರಿ ಗಾತ್ರ ಎಂದೊಂದು ಇದೆ: 4 × 12 × 2, ಅದನ್ನು ಹಸು, ಹೋರಿ ಸೇರಿ ಆಗುವ 14ರಿಂದ ಭಾಗಿಸಿದರೆ 7ಕ್ಕೂ ಕಡಿಮೆ. ಕಣ್ಣಿಗೆ ಮೂವತ್ತೈದು ಕಂಡರೂ ವಂಶದ ಲೆಕ್ಕದಲ್ಲಿ ಏಳು. ಪ್ರತಿ ತಲೆಮಾರಿಗೂ ಒಳಸಂಬಂಧ ಶೇ 7ರಷ್ಟು ಏರುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಸುರಕ್ಷಿತ ಎನ್ನುವ ಕನಿಷ್ಠ ಗಾತ್ರ 50. ಎರಡರಲ್ಲಿ ಒಂದೇ ಹೋರಿ ಮೇಲುಗೈ ಮಾಡಿ ಎಲ್ಲ ಹಸುಗಳನ್ನೂ ತನ್ನದಾಗಿಸಿಕೊಂಡರೆ ಪರಿಸ್ಥಿತಿ ಇನ್ನೂ ಕೆಟ್ಟದ್ದು.

ನಮ್ಮ ದೇಶದಲ್ಲಿ ತಳಿ ನೋಂದಣಿಯ ಕೆಲಸ ಹರಿಯಾಣದ ಕರ್ನಾಲಿನಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯದು. ಅಮೃತಮಹಲ್, ಹಳ್ಳಿಕಾರ್, ಖಿಲಾರಿ, ಕೃಷ್ಣಾ ವ್ಯಾಲಿ, ದೇವಣಿ, ಮಲೆನಾಡು ಗಿಡ್ಡ ಎಲ್ಲವೂ ಅದರ ಪಟ್ಟಿಯಲ್ಲಿವೆ. ಅರ್ಜಿ ಹಾಕುವವರು ಆ ದನ ಅಕ್ಕಪಕ್ಕದ ತಳಿಗಳಿಗಿಂತ ಹೇಗೆ ಬೇರೆ, ಎಷ್ಟು ವಿಸ್ತಾರದಲ್ಲಿ ಹರಡಿದೆ, ತನ್ನಂತೆಯೇ ಇರುವ ಕರು ಹಾಕುತ್ತದೆಯೇ ಎಂಬುದನ್ನು ಅಳತೆ ಸಮೇತ ತೋರಿಸಬೇಕು. ಒಂದು ಗುಡ್ಡದ ಮೂವತ್ತೈದು ದನ, ಅದೂ ಮಲೆನಾಡು ಗಿಡ್ಡದ ಸೀಮೆಯ ನಟ್ಟನಡುವೆ. ಈ ಅರ್ಜಿ ನಿಲ್ಲುವುದಿಲ್ಲ. ನಿಲ್ಲದಿದ್ದರೆ ಹೋಗಲಿ, ಸುದ್ದಿಯಾದ ಮೇಲೆ "ಅಪರೂಪದ ಕಾಡು ತಳಿಯ ಕರು" ಹುಡುಕಿಕೊಂಡು ಬರುವವರನ್ನು ತಡೆಯುವುದು ಯಾರು?

ಹಾಗೆಂದು ಕಾಡುಬಿದ್ದ ಹಿಂಡಿಗೆ ಬೆಲೆಯೇ ಇಲ್ಲವೆಂದಲ್ಲ. ಸ್ಕಾಟ್ಲೆಂಡಿನ ಆರ್ಕ್ನಿಯಲ್ಲಿ ಸ್ವೋನಾ ಎಂಬ ಪುಟ್ಟ ದ್ವೀಪದ ಕೊನೆಯ ಮನೆಯವರು 1974ರಲ್ಲಿ ಊರು ಬಿಟ್ಟಾಗ ಆಂಗಸ್, ಶಾರ್ಟ್‌ಹಾರ್ನ್ ಬೆರಕೆಯ ದನಗಳು ಅಲ್ಲೇ ಉಳಿದವು. ಇಂದು ಅವಕ್ಕೆ ಸ್ವೋನಾ ದನ ಎಂದೇ ಹೆಸರು. ಕುಲದ ಹೆಸರಲ್ಲ, ಬರೀ ಜಾಗದ ಹೆಸರು ಎಂಬುದನ್ನು ಗಮನಿಸಿ. ನ್ಯೂಜಿಲೆಂಡಿನ ಎಂಡರ್ಬಿ ದ್ವೀಪದಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಬಿಟ್ಟ ಶಾರ್ಟ್‌ಹಾರ್ನ್ ಹಿಂಡನ್ನು ದ್ವೀಪದ ಗಿಡಮರ ಉಳಿಸಲೆಂದು 1990ರ ದಶಕದ ಆರಂಭದಲ್ಲಿ ತೆಗೆದುಹಾಕಿದರು. ಒಂದೇ ಒಂದು ಹಸು ಉಳಿಯಿತು. ಅದನ್ನು 1998ರಲ್ಲಿ ಕ್ಲೋನ್ ಮಾಡಬೇಕಾಯಿತು. ತೆಗೆಯುವ ಮೊದಲು ವೀರ್ಯ, ರಕ್ತ ಎತ್ತಿಟ್ಟುಕೊಳ್ಳುವುದು ಅದಕ್ಕಿಂತ ಎಷ್ಟೋ ಅಗ್ಗ. ಇನ್ನೊಂದು ವಿಚಿತ್ರವೂ ಇದೆ. ಆಸ್ಟ್ರೇಲಿಯಾದ ಉತ್ತರ ತುದಿಯ ಕೊಬರ್ಗ್ ಪರ್ಯಾಯ ದ್ವೀಪದಲ್ಲಿ 1849ರಲ್ಲಿ ಬ್ರಿಟಿಷರು ಠಾಣೆ ಮುಚ್ಚಿ ಹೋಗುವಾಗ ಬ್ಯಾಂಟೆಂಗ್ ಎಂಬ ದನದ ಜಾತಿಯ ಇಪ್ಪತ್ತು ರಾಸು ಬಿಟ್ಟುಹೋದರು. ಈಗ ಅಲ್ಲಿ ಸಾವಿರಾರು ಇವೆ. ಆಗ್ನೇಯ ಏಷ್ಯಾದ ತವರಿನಲ್ಲಿ ಅದೇ ಪ್ರಾಣಿ ಅಳಿವಿನ ಅಂಚಿನಲ್ಲಿದೆ. ತವರಿನಲ್ಲಿ ಕಾಪಾಡಬೇಕಾದದ್ದು, ಆಸ್ಟ್ರೇಲಿಯಾದಲ್ಲಿ ಹೊರಗಿನಿಂದ ಬಂದ ಪೀಡೆ. ಈ ಗಂಟನ್ನು ವಿಜ್ಞಾನಿಗಳು ಇನ್ನೂ ಪೂರ್ತಿ ಬಿಡಿಸಿಕೊಂಡಿಲ್ಲ.

ನಿಮ್ಮ ಮುಂದಿರುವ ದಾರಿಗಳಿಗೆ ಬರುತ್ತೇನೆ.

ಹಿಡಿದು ಗೋಶಾಲೆಗೆ ಸಾಗಿಸುವುದು ಕೇಳಲು ಸುಲಭ. ಕಾಡಿನಲ್ಲಿ ಹುಟ್ಟಿದ ದನವನ್ನು ಅಟ್ಟಿಸಿಕೊಂಡು ಹೋದರೆ ನೀರಿಗೆ ಬೀಳುತ್ತದೆ, ಕಾಲು ಮುರಿದುಕೊಳ್ಳುತ್ತದೆ, ಅಥವಾ ಓಡಿದ ಆಯಾಸಕ್ಕೇ ಮಾಂಸಖಂಡ ಕೆಟ್ಟು ಎರಡು ದಿನದ ಮೇಲೆ ಸಾಯುತ್ತದೆ. ಮತ್ತು ಬರಿಸಿ ಹಿಡಿಯುತ್ತೇವೆ ಎನ್ನುವವರಿಗೂ ಒಂದು ಮಾತು: ಕ್ಸೈಲಜೀನ್ ಎಂಬ ಮತ್ತಿನ ಮದ್ದು ದನಕ್ಕೆ ತೀರ ಬೇಗ ಹತ್ತುತ್ತದೆ, ಕುದುರೆಗೆ ಕೊಡುವ ಪ್ರಮಾಣದ ಹತ್ತನೇ ಒಂದು ಪಾಲು ಸಾಕು. ಮಲಗಿದ ದನಕ್ಕೆ ಹೊಟ್ಟೆಯುಬ್ಬರ ಬರುತ್ತದೆ, ಮೆಲುಕಿನ ಮೇವು ಶ್ವಾಸನಾಳಕ್ಕೆ ಇಳಿಯುತ್ತದೆ. ಅನುಭವಸ್ಥ ಪಶುವೈದ್ಯರಿಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಹಿಡಿಯಲೇಬೇಕಾದರೆ ಬೇಸಿಗೆಯಲ್ಲಿ ಉಪ್ಪು, ಹಿಂಡಿ ಇಟ್ಟು ವಾರಗಟ್ಟಲೆ ಅಭ್ಯಾಸ ಮಾಡಿಸಿ ದೊಡ್ಡಿಯೊಳಗೆ ತಾವಾಗಿಯೇ ಬರುವಂತೆ ಮಾಡುವುದೇ ಸರಿಯಾದ ದಾರಿ. ನಿಧಾನ, ಆದರೆ ದನ ಉಳಿಯುತ್ತದೆ.

ಹಾಗೇ ಬಿಟ್ಟುಬಿಡುವುದಕ್ಕೂ ಬೆಲೆ ಇದೆ. ಲಸಿಕೆ ಕಾಣದ ಹಿಂಡಿಗೆ ಕಾಲುಬಾಯಿ ರೋಗ, ಚರ್ಮಗಂಟು ರೋಗ, ಗಳಲೆ ರೋಗ ಬಂದರೆ ಅಲ್ಲಿಂದ ಕಾಟಿಗಳಿಗೂ ದಾಟಬಹುದು. 1968ರಲ್ಲಿ ಬಂಡೀಪುರ, ಮುದುಮಲೈ ಸೀಮೆಯ ಕಾಟಿಗಳನ್ನು ರಿಂಡರ್‌ಪೆಸ್ಟ್ ಎಂಬ ದನದ ಸಾಂಕ್ರಾಮಿಕ ರೋಗ ಗುಡಿಸಿಹಾಕಿದ್ದನ್ನು ಹಳೆಯ ಅರಣ್ಯಾಧಿಕಾರಿಗಳು ಮರೆತಿಲ್ಲ. ಆ ರೋಗ ಈಗ ಜಗತ್ತಿನಿಂದಲೇ ಹೋಗಿದೆ, ಉಳಿದವು ಹೋಗಿಲ್ಲ. ಅಭಯಾರಣ್ಯದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲೇ ಇದೆ. ನಿಮ್ಮ ಗುಡ್ಡ ಆ ವ್ಯಾಪ್ತಿಗೆ ಬರುತ್ತದೆಯೇ ಎಂದು ವಲಯ ಅರಣ್ಯಾಧಿಕಾರಿಗಳನ್ನು ಕೇಳಿ. ಬಂದರೆ ಅರಣ್ಯ ಇಲಾಖೆಯನ್ನೂ ಪಶುಸಂಗೋಪನಾ ಇಲಾಖೆಯನ್ನೂ ಒಟ್ಟಿಗೆ ಕೂರಿಸಲು ಅದೇ ಒಳ್ಳೆಯ ಹಿಡಿ.

ಒಳಸಂಬಂಧ ತಪ್ಪಿಸಲು ಹೊರಗಿನ ಹೋರಿ ಬಿಡುವ ಯೋಚನೆ ಕೆಲವರಿಗೆ ಬರುತ್ತದೆ. ಡಿಎನ್‌ಎ ನೋಡುವ ಮೊದಲು ಬೇಡ. ಒಂದು ಹೋರಿ ಒಂದೇ ವರ್ಷದಲ್ಲಿ ಹಿಂಡಿನ ಚರಿತ್ರೆಯನ್ನು ಕಲಸಿಬಿಡುತ್ತದೆ, ಆಮೇಲೆ ಬಿಡಿಸಿ ನೋಡಲು ಬರುವುದಿಲ್ಲ.

ಆದ್ದರಿಂದ ನಾನು ಹೇಳುವ ಕ್ರಮ ಹೀಗಿದೆ. ಮೊದಲು ಹೊಸ ದನ ಬಿಡುವುದನ್ನು ಊರವರೇ ನಿಲ್ಲಿಸಿ, ಇದು ನಿಮ್ಮ ಸಂಘ ಮಾಡಬಹುದಾದ ಅತಿ ದೊಡ್ಡ ಕೆಲಸ. ಒಂದು ವರ್ಷ ಪ್ರತಿ ದನದ ಎರಡೂ ಮಗ್ಗುಲಿನ ಫೋಟೋ ತೆಗೆಯಿರಿ, ಯಾವ ಹಸುವಿನ ಹಿಂದೆ ಯಾವ ಕರು ಎಂದು ಬರೆದಿಡಿ. ಹಿಂಡು ಮೈ ಉಜ್ಜುವ ಮರ, ಬೇಲಿ ತಂತಿಯಲ್ಲಿ ಸಿಕ್ಕ ಕೂದಲನ್ನು ಬುಡ ಸಮೇತ ಚಿಮುಟದಲ್ಲಿ ಎತ್ತಿ ಕಾಗದದ ಲಕೋಟೆಗೆ ಹಾಕಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ. ಆಗಷ್ಟೇ ಬಿದ್ದ ಸಗಣಿಯ ಮೇಲ್ಪದರದಿಂದಲೂ ಡಿಎನ್‌ಎ ಸಿಗುತ್ತದೆ. ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನ ತಳಿಶಾಸ್ತ್ರ ವಿಭಾಗಕ್ಕೆ ಬರೆದು, ಮಾದರಿ ಹೇಗೆ ಬೇಕೆಂದು ಕೇಳಿಕೊಂಡೇ ಸಂಗ್ರಹಿಸಿ. ತಾಯಿ ಕಡೆಯ ಡಿಎನ್‌ಎ ಒಂದನ್ನೇ ಓದಿಸಿ ಸಮಾಧಾನಪಡಬೇಡಿ. ಮಿಶ್ರತಳಿಯಲ್ಲೂ ತಾಯಿ ನಾಡ ಹಸುವೇ ಆಗಿರುವುದರಿಂದ ಅದು ಯಾವಾಗಲೂ "ಶುದ್ಧ ದೇಸಿ" ಎಂದೇ ಹೇಳುತ್ತದೆ. ಗಂಡಿನ ವೈ ವರ್ಣತಂತು ನೋಡಿಸಿ. ಅಪ್ಪನ ಕಡೆಯಿಂದ ಎಚ್‌ಎಫ್, ಜೆರ್ಸಿ ಹೊಕ್ಕಿದ್ದರೆ ಅದು ಅಲ್ಲಿ ಸಿಕ್ಕಿಬೀಳುತ್ತದೆ, ಏಕೆಂದರೆ ಹಿಣಿಲಿನ ದನದ ವೈ ಆಕಾರದಲ್ಲೇ ಬೇರೆ.

ಅಲ್ಲಿಯವರೆಗೆ ದಾಖಲೆಯಲ್ಲಿ, ಲಕೋಟೆಯ ಮೇಲೆ, ಇಲಾಖೆಗೆ ಬರೆಯುವ ಪತ್ರದಲ್ಲಿ ಒಂದೇ ಹೆಸರು ಬಳಸಿ: ನಿಮ್ಮೂರಿನ ಹೆಸರು, ಅದರ ಮುಂದೆ "ಕಾಡುಬಿದ್ದ ದನ", ಕಂಸದಲ್ಲಿ ಬಿಟ್ಟುಹೋದ ಅಂದಾಜು ವರ್ಷ. ಗಿಡ್ಡ, ದೇಸಿ, ಕಾಟಿ, ತಳಿ ಎಂಬ ಪದ ಯಾವುದೂ ಬೇಡ. ಫಲಿತಾಂಶ ಮಲೆನಾಡು ಗಿಡ್ಡ ಎಂದು ಬಂದರೆ ಆಗ ಮಲೆನಾಡು ಗಿಡ್ಡದ ಕಾಡುಬಿದ್ದ ಹಿಂಡು ಎಂದು ತಿದ್ದಿಕೊಳ್ಳಿ. ಬೆರಕೆ ಎಂದು ಬಂದರೆ ಹಾಗೇ ಬರೆಯಿರಿ. ಫೋಟೋಗಳ ಜೊತೆಗೆ ಪೇಟೆ ಸೇರಿದ ಆ ಮನೆಯವರು ಹೇಳಿದ ವಿವರವನ್ನೂ ಕಳಿಸಿದರೆ ನೋಡಿ ಹೇಳಬಲ್ಲೆ.